ದಶಾವತಾರಕ್ಕೊಂದು ಕೋಟ್ ವಾರ್ನಿಷ್

ಮನೆಯಲ್ಲಿ ವಾರ್ನಿಷ್ ಒದ್ದೆಯಾಗಿರುವ ದಿನವೇ ನೆಂಟರು, ಗಾಳಿ, ನೊಣ, ಪುರೋಹಿತರು ಎಲ್ಲರೂ ದಾರಿ ಹುಡುಕಿಕೊಂಡು ಬರುತ್ತಾರೆ. ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಗುಜರಾತಿಗೆ ಬಂದ ಮೇಲೆ ಮೂರು ಊರುಗಳಲ್ಲಿ ಸಂಸಾರ ಹೂಡಿದೆ. ಮೂರರಲ್ಲೂ ಹೀಗೇ ಆಯಿತು.

ನಾನು ಮಂಡ್ಯದ ಕಡೆ ಹಳ್ಳಿ ಶಾಲೆಯಲ್ಲಿ ಓದಿದವನು. ಕೆಲಸ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ. ನವರಾತ್ರಿಗೆ ನನ್ನಾಕೆ ಗೊಂಬೆ ಕೂರಿಸುತ್ತಾಳೆ ಎಂದು ಹೆಬ್ಬೆರಳುದ್ದದ ಮಣ್ಣಿನ ದಶಾವತಾರ ಗೊಂಬೆಗಳನ್ನು ತಂದು ನಾನೇ ಬಣ್ಣ ಬರೆದೆ. ದೀಪದ ಮಸಿ, ಮಕ್ಕಳ ಕೈ ತಾಗಿ ಬಣ್ಣ ಹೋಗಬಾರದು ಅಂದರೆ ಮೇಲೊಂದು ಕೋಟ್ ವಾರ್ನಿಷ್ ಬೇಕು. ಅದು ಚೊಕ್ಕವಾಗಿ ಬೀಳುವ ತನಕ ಇವುಗಳನ್ನು ಮೆಟ್ಟಿಲಿಗೆ ಏರಿಸುವುದಿಲ್ಲ ಎಂದು ದೇವರ ಮುಂದೆ ಹೇಳಿಬಿಟ್ಟೆ. ಹೇಳುವಾಗ ಸುಲಭವಾಗಿತ್ತು. ಆಮೇಲೆ ಪ್ರತಿ ನವರಾತ್ರಿಯಲ್ಲೂ ನಡುವಿನ ಮೆಟ್ಟಿಲು ಖಾಲಿ. ಅರಿಶಿನ ಕುಂಕುಮಕ್ಕೆ ಬಂದವರು "ಇಲ್ಲೇನೂ ಇಡಲಿಲ್ವಾ?" ಅನ್ನುವುದು, ನನ್ನಾಕೆ ನನ್ನ ಕಡೆ ನೋಡುವುದು.

ಸೂರತ್ತಿನ ಗಡ್ಡ

ಆಗ ನಾವಿದ್ದದ್ದು ಸೂರತ್ತಿನ ಉಧ್ನಾದಲ್ಲಿ. ಸುತ್ತ ಮಗ್ಗಗಳು, ಕಿಟಕಿ ತೆರೆದರೆ ಗಾಳಿಗಿಂತ ಮೊದಲು ನೂಲಿನ ಜುಂಗು ಒಳಗೆ ಬರುತ್ತದೆ. ಅದಕ್ಕೆ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಹತ್ತೂ ಗೊಂಬೆಗಳಿಗೆ ವಾರ್ನಿಷ್ ಹಚ್ಚಿ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಹಾಲು ತರಲು ಹೊರಟೆ. ಅಷ್ಟರಲ್ಲಿ ನನ್ನಾಕೆಯ ತಮ್ಮ ಊರಿಂದ ಬಂದ. ಸೂರತ್ತಿನ ಸೆಕೆ ಅವನಿಗೆ ಹೊಸದು. ಅಕ್ಕ ಅಡುಗೆಮನೆಯಲ್ಲಿದ್ದಳು. ಅವನು ಫ್ಯಾನನ್ನು ಪೂರ್ತಿ ತಿರುಗಿಸಿ, ಸಾಲದೆಂದು ಕಿಟಕಿಯನ್ನೂ ತೆರೆದು, ಅಂಗಿ ಬಿಚ್ಚಿ ಕೂತಿದ್ದ.

ನಾನು ಬಂದು ನೋಡಿದರೆ ಹತ್ತು ಅವತಾರಗಳಿಗೂ ಬಿಳಿ ಗಡ್ಡ. ಮತ್ಸ್ಯನಿಗೂ ಗಡ್ಡ, ಆಮೆಗೂ ಗಡ್ಡ. ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ಹೋಗಿ ಫ್ಯಾನ್ ಆರಿಸಿದೆ.

ಅವನು ಮೆಲ್ಲಗೆ ಎದ್ದು ಬಂದು ಬಗ್ಗಿ ನೋಡಿದ. "ಭಾವ, ಪರಶುರಾಮಂಗೆ ಹೆಂಗೂ ಗಡ್ಡ ಇದ್ದೇ ಇರುತ್ತಲ್ಲ. ಇನ್ನು ಒಂಬತ್ತು ಮಾತ್ರ ನೋಡ್ಕೊಂಡ್ರೆ ಸಾಕು."

ವಡೋದರಾದ ಪವಾಡ

ಜುಂಗು ಕೆರೆದು ತೆಗೆದು, ಹೊಸದಾಗಿ ಬಣ್ಣ ಬರೆದು, ವಡೋದರಾದಲ್ಲಿ ಮತ್ತೆ ಹಚ್ಚಿದೆ. ಈ ಸಲ ಫ್ಯಾನಿನ ಸ್ವಿಚ್ಚಿಗೇ ಕಾಗದ ಅಂಟಿಸಿದ್ದೆ. ಆದರೆ ಆ ದಿನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನಮ್ಮ ಕಡೆಯ ಪುರೋಹಿತರು, ವಯಸ್ಸಾದವರು, ಕಣ್ಣು ಮುಚ್ಚಿಕೊಂಡೇ ಮಂತ್ರ ಹೇಳುವ ರೂಢಿ. ಪಕ್ಕದ ಮೇಜಿನ ಮೇಲೆ ಹತ್ತು ಅವತಾರ ಇರುವುದನ್ನು ಬರುವಾಗಲೇ ಗಮನಿಸಿದ್ದರು. ಪೂಜೆ ಮುಗಿದಾಗ ಆ ಅವತಾರಗಳನ್ನೂ ಬಿಡಬಾರದೆಂದು ಅತ್ತ ತಿರುಗಿ ಎರಡು ಕೈ ತುಂಬ ಅಕ್ಷತೆ ಎರಚಿದರು. ನಾನು "ಸ್ವಾಮಿ, ಸ್ವಾಮಿ" ಅಂದೆ. ಭಕ್ತಿ ಹೆಚ್ಚಾಯಿತೆಂದು ತಿಳಿದು ಇನ್ನೊಂದು ಹಿಡಿ ಹಾಕಿದರು.

ಮಾರನೆಯ ದಿನ ಪಕ್ಕದ ಮನೆಯ ಅಜ್ಜಿ ಬಂದರು. ಗುಜರಾತಿಗಳಾದ ಅವರನ್ನು ನಾವು ಮಾಸಿ ಅನ್ನುತ್ತಿದ್ದೆವು. ವಾಮನನನ್ನು ಎತ್ತಿ ತಲೆಕೆಳಗು ಮಾಡಿದರು. ಒಂದು ಕಾಳೂ ಬೀಳಲಿಲ್ಲ. ಅವರ ಕಣ್ಣಲ್ಲಿ ನೀರು. ಸಂಜೆಯ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ದರ್ಶನಕ್ಕೆ ಸಾಲು ನಿಂತರು.

ನನ್ನಾಕೆಗೆ ತಡೆಯಲಾಗಲಿಲ್ಲ. "ಮಾಸಿ, ಇದು ಪವಾಡ ಅಲ್ಲ. ಗೊಂಬೆಗೆ ವಾರ್ನಿಷ್ ಹಚ್ಚಿ, ಒದ್ದೆ ಇದ್ದಾಗ ಅಕ್ಕಿ ಹಾಕಿದ್ರೆ ನಿಮ್ಮನೇಲೂ ಹೀಗೇ ಆಗುತ್ತೆ," ಎಂದು ಬಿಡಿಸಿ ಹೇಳಿದಳು.

ಮಾಸಿ ಗಮನವಿಟ್ಟು ಕೇಳಿದರು. ಆಮೇಲೆ ಅಂದರು: "ಬಾಸ್ಮತಿ ನಡೆಯುತ್ತಾ?"

ಮಣಿನಗರದ ವಾಸನೆ

ಅಕ್ಕಿ ಬಿಡಿಸುವಾಗ ಬಣ್ಣವೂ ಬಂತು. ಮೂರನೆಯ ಸಲ ಬರೆದದ್ದು ಅಹಮದಾಬಾದಿನ ಮಣಿನಗರದ ಫ್ಲಾಟಿನಲ್ಲಿ. ನವರಾತ್ರಿ ಹತ್ತಿರ ಬಂದಿತ್ತು. "ಈ ವರ್ಷವೂ ಆಗದಿದ್ರೆ ಆ ಮೆಟ್ಲಲ್ಲಿ ಪ್ಲಾಸ್ಟಿಕ್ ಹಣ್ಣಿಡ್ತೀನಿ ಕಣ್ರೀ, ಆಮೇಲೆ ನನ್ನ ಕೇಳ್ಬೇಡಿ," ಎಂದು ನನ್ನಾಕೆ ಖಡಾಖಂಡಿತ ಹೇಳಿದ್ದಳು. ಬೇಗ ಒಣಗಲಿ ಎಂದು ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿದ ವಾರ್ನಿಷ್ ತಂದೆ. ದಿನಾ ಸಂಜೆ ಪೂಜೆ ಮುಗಿಸಿ, ಬಾಗಿಲು ಕಿಟಕಿ ಭದ್ರ ಮಾಡಿ, ತೆಳ್ಳಗೆ ಒಂದೊಂದು ಗೊಂಬೆಗೆ ಹಚ್ಚುತ್ತಿದ್ದೆ. ಹಚ್ಚಿದ್ದರ ಮೇಲೆ ಧೂಳು ಕೂರದಂತೆ ದೊಡ್ಡ ಪಾತ್ರೆ ಕವುಚುತ್ತಿದ್ದೆ.

ಪಾನನಿಷೇಧವಿರುವ ರಾಜ್ಯ. ಬಾಗಿಲ ಸಂದಿಯಿಂದ ದಿನಾ ಸ್ಪಿರಿಟ್ ವಾಸನೆ. ಕೊನೆಯ ಗೊಂಬೆಯಾದ ಕಲ್ಕಿಗೆ ಹಚ್ಚಿದ ದಿನ ಸೊಸೈಟಿಯ ಚೇರ್ಮನ್ನರು ಸೆಕ್ರೆಟರಿಯನ್ನು ಕರೆದುಕೊಂಡು ಬಾಗಿಲು ತಟ್ಟಿದರು.

"ಕಾಕಾ, ನಿಮ್ಮಂಥ ದೇವರ ಮನುಷ್ಯರ ಮೇಲೆ ದೂರು ಬಂದಿದೆ. ಹೇಳೋಕೆ ನನಗೇ ನಾಚಿಕೆ."

ನನ್ನಾಕೆ ಅವರ ನಾಚಿಕೆಯ ಕಡೆ ಗಮನ ಕೊಡಲಿಲ್ಲ. "ಒಳಗೆ ಬನ್ನಿ, ಆದ್ರೆ ಜೋರಾಗಿ ನಡೀಬೇಡಿ. ಉಸಿರೂ ಮೆತ್ತಗೆ ಬಿಡಿ," ಅಂದಳು. ಅವರ ಅನುಮಾನ ಇನ್ನೂ ಗಟ್ಟಿಯಾಯಿತು. ಸೆಕ್ರೆಟರಿ ಮೂಗು ಮುಂದೆ ಮಾಡಿಕೊಂಡು ನೇರ ಪಾತ್ರೆಯ ಹತ್ತಿರ ಹೋಗಿ, "ಇದರ ಕೆಳಗೆ ಏನಿದೆ?" ಎಂದರು.

ನಾನು ಉಸಿರು ಹಿಡಿದು ಪಾತ್ರೆ ಎತ್ತಿದೆ. ಹತ್ತು ಅವತಾರ ದೀಪದ ಬೆಳಕಿಗೆ ಥಳಥಳ ಹೊಳೆದವು. ಒಂದು ಜುಂಗಿಲ್ಲ, ಒಂದು ಕಾಳಿಲ್ಲ. ಚೇರ್ಮನ್ನರು ಚಪ್ಪಲಿ ಬಿಟ್ಟು ಓಡಿಬಂದು ಗೊಂಬೆಗಳ ಪಾದ ಮುಟ್ಟಲು ಬಗ್ಗಿದರು. ನನ್ನಾಕೆ ಅಡ್ಡ ನಿಂತಳು. "ದೂರದಿಂದಲೇ ಕೈ ಮುಗೀರಿ. ನಾಳೆ ಬೇಕಾದ್ರೆ ಇಡೀ ದಿನ ಮುಟ್ಟಿ." ಅವರು ದೂರದಿಂದಲೇ ಕೈ ಮುಗಿದರು.

ಅಲ್ಲೇ ನಿಂತು ಸೊಸೈಟಿಯ ವಾಟ್ಸಾಪಿಗೂ ಬರೆದರು: ಕಾಕಾ ಮನೆಯಲ್ಲಿರುವುದು ದೇವರ ಗೊಂಬೆಗೆ ಹಚ್ಚುವ ವಾರ್ನಿಷ್ ಮಾತ್ರ, ಯಾರೂ ಬೇರೆ ಅರ್ಥ ಮಾಡಿಕೊಳ್ಳಬಾರದು.

ಆ ನವರಾತ್ರಿಗೆ ನಡುವಿನ ಮೆಟ್ಟಿಲು ತುಂಬಿತು. ನನ್ನ ಮಾನವೂ ಉಳಿಯಿತು. ಆದರೆ ಒಂದು ನಷ್ಟವಾಯಿತು. ನಮ್ಮ ಮೇಲಿನ ಮಹಡಿಯವರೊಬ್ಬರು ಕೆಲವು ದಿನಗಳಿಂದ ನನ್ನನ್ನು ಕಂಡರೆ ಓಡಿಬಂದು ತರಕಾರಿ ಚೀಲ ಇಸಿದುಕೊಂಡು ಮನೆಯವರೆಗೆ ಹೊತ್ತು ತರುತ್ತಿದ್ದರು. ಹಣೆಯ ಮೇಲಿನ ನಾಮಕ್ಕೆ ಸಿಕ್ಕ ಮರ್ಯಾದೆ ಎಂದುಕೊಂಡಿದ್ದೆ. ಚೇರ್ಮನ್ನರ ಮೆಸೇಜು ಬಂದ ಮಾರನೆಯ ದಿನವೂ ಚೀಲ ಹೊತ್ತುಕೊಂಡರು. ಅರ್ಧ ಮೆಟ್ಟಿಲು ಹತ್ತಿ ನಿಂತು, ಅತ್ತಿತ್ತ ನೋಡಿ ಕೇಳಿದರು.

"ಕಾಕಾ, ಆ ಮೆಸೇಜು ಸುಮ್ಮನೆ ಹಾಕಿಸಿದ್ದು ತಾನೆ?"

"ಇಲ್ಲಪ್ಪ, ನಿಜ."

"ಬರೀ ವಾರ್ನಿಷ್ಷಾ?"

"ಬರೀ ವಾರ್ನಿಷ್ಷು."

ಅವರು ಚೀಲವನ್ನು ಅದೇ ಮೆಟ್ಟಿಲ ಮೇಲೆ ಇಟ್ಟು ಹೊರಟುಹೋದರು.