ಭಾವ ಕೊಂಡ ಬ್ಯಾಂಕಾಕ್ ಸಿಮ್ಮು

ನಮ್ಮ ಭಾವನಿಗೆ ಟೋಪಿ ಹಾಕುವ ಕಳ್ಳ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ, ಇವರ ಜೊತೆ ಐದು ನಿಮಿಷ ಫೋನಿನಲ್ಲಿ ಮಾತಾಡಿ, ಸಾಕಪ್ಪಾ ಸಾಕು ಎಂದು ಯಾವುದಾದರೂ ಮರ್ಯಾದೆಯ ಕಸುಬು ಹಿಡಿದಿರುತ್ತಾನೆ! ಚಂದಾಪುರದಲ್ಲಿ ಮನೆ, ಬೊಮ್ಮಸಂದ್ರದಲ್ಲಿ ಸಣ್ಣದೊಂದು ಲೇತ್ ಶಾಪ್, ಮಿಕ್ಕ ಹೊತ್ತೆಲ್ಲ ಫೋನ್ ಮೋಸದ ವಿರುದ್ಧ ಹೋರಾಟ. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಅದೇ ಪಾಠ. "ಫಾರಿನ್ ನಂಬರಿಂದ ಫೋನ್ ಬಂತಾ, ಎತ್ತಂಗಿಲ್ಲ. ಸೀದಾ ಬ್ಲಾಕು! ಎತ್ತಿದ್ರೆ ಬ್ಯಾಂಕಲ್ಲಿರೋದೆಲ್ಲ ಗುಳುಂ!" ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಇಂಥವರ ಜೊತೆ ಮೆಷಿನ್ ಎಕ್ಸಿಬಿಷನ್ ನೋಡಲು ಬ್ಯಾಂಕಾಕಿಗೆ ಹೋದೆ. ಯಾಕೆ ಹೋದೆ ಎಂದು ಕೇಳಬೇಡಿ. ಅಕ್ಕ ಕಳಿಸಿದಳು.

ಭಾವ ತಮ್ಮ ಫೋನಿನ ಸಿಮ್ ಬಿಚ್ಚಿ ದೇವರ ಗೂಡಿನಲ್ಲಿಟ್ಟು ಬಂದಿದ್ದರು. "ಜೊತೇಲಿದ್ರೆ ರೋಮಿಂಗ್ ಬೀಳ್ತದೆ ಕಣೋ!" ವಿಮಾನದಲ್ಲಿ ಕೂತು ಬೆಲ್ಟ್ ಕಟ್ಟಿಕೊಂಡಾಗ ನನ್ನ ಫೋನಿಗೆ ಅಕ್ಕನ ಕರೆ ಬಂತು. ಹೆರಿಗೆಗೆ ಇನ್ನೂ ಎರಡು ವಾರವಿದ್ದ ಮಗಳಿಗೆ ಆಗಲೇ ನೋವು ಶುರುವಾಗಿದೆಯಂತೆ, ನರ್ಸಿಂಗ್ ಹೋಮಿಗೆ ಹೊರಟಿದ್ದಾರಂತೆ. ಭಾವನ ಮುಖ ಬಿಳಿಚಿಕೊಂಡಿತು. ಇಳಿಯೋಣವೆಂದರೆ ಬಾಗಿಲು ಹಾಕಿಯಾಗಿತ್ತು! ದಾರಿಯುದ್ದಕ್ಕೂ ಅವರು ನೀರು ಕೂಡ ಮುಟ್ಟಲಿಲ್ಲ.

ನನ್ನ ಸಿಮ್ಮಿಗೂ ರೋಮಿಂಗ್ ಇರಲಿಲ್ಲ; ಇಳಿದ ಕೂಡಲೇ ನಾನು ಏರ್‌ಪೋರ್ಟಿನ ಪುಕ್ಕಟೆ ವೈಫೈ ಹುಡುಕಿದೆ. ಕೈಮೇಲೆ ಪಟ್ಟಂತ ಒಂದು ಬಿತ್ತು.

"ಕಳ್ಳರು ಕೂತಿರೋದೇ ಅಲ್ಲಿ!"

ಸರಿ, ಸಿಮ್ ಅಂಗಡಿಗೆ ಹೋದೆವು. ಅಲ್ಲಿದ್ದ ಹುಡುಗಿ ನಗುತ್ತ ಪಾಸ್‌ಪೋರ್ಟ್ ಕೇಳಿದಳು. ಭಾವ ಕೊಟ್ಟಿದ್ದು ಜೆರಾಕ್ಸ್! ಅದರ ಮೇಲೆ ಅಡ್ಡಕ್ಕೆ ಎರಡು ಗೆರೆ ಎಳೆದು, ನಡುವೆ 'ಸಿಮ್ ಖರೀದಿಗೆ ಮಾತ್ರ' ಎಂದು ಅಚ್ಚ ಕನ್ನಡದಲ್ಲಿ ಬರೆದು, ಕೆಳಗೆ ರುಜು ಹಾಕಿದ್ದರು. ಪಾಪ, ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಭಾವ, ಇವರಿಗೆ ಕನ್ನಡ ಓದೋಕೆ ಬರಲ್ಲ."

"ಕಳ್ಳನಿಗೆ ಬಂದೇ ಬರ್ತದೆ, ಸುಮ್ಕಿರು."

ಕೊನೆಗೆ ಅಸಲಿ ಪಾಸ್‌ಪೋರ್ಟ್ ಹೊರಗೆ ಬಂತು. ಆದರೆ ಅವಳು ಫೋಟೊ ತೆಗೆಯುವಷ್ಟು ಹೊತ್ತೂ ಭಾವ ಅದರ ಒಂದು ತುದಿ ಹಿಡಿದೇ ಇದ್ದರು. ಇಂಟರ್‌ನೆಟ್ ಬೇಡ, ಬರೀ ಮಾತು ಸಾಕು ಎಂದು ಕೈಸನ್ನೆಯಲ್ಲೇ ಚೌಕಾಸಿ ಮಾಡಿದರು. ನನಗೊಂದು ಬೇರೆ ಸಿಮ್ ಕೊಳ್ಳುತ್ತೇನೆಂದರೆ, "ಇಬ್ರಿಗೆ ಒಂದು ಸಾಕು" ಎಂದರು. ವಾದ ಮಾಡಲು ನನ್ನಲ್ಲಿ ಶಕ್ತಿ ಎಲ್ಲಿತ್ತು?

ಟ್ಯಾಕ್ಸಿಯಲ್ಲಿ ಕೂತು ಮೊದಲು ಅಳಿಯನಿಗೆ ಫೋನ್ ಮಾಡಿದರು. ಕಟ್. ಮತ್ತೆ ಮಾಡಿದರು, ಕಟ್. ಆಮೇಲೆ ಹೋಗಲೇ ಇಲ್ಲ. ಅಳಿಯ ಮಾವನನ್ನೇ ಬ್ಲಾಕ್ ಮಾಡಿದ್ದ! ಅವರ ತಮ್ಮ ಎತ್ತಲಿಲ್ಲ. ನಾದಿನಿ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಎಲ್ಲರೂ ಭಾವನ ಶಿಷ್ಯರೇ! ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

"ಎಲ್ರೂ ಎಷ್ಟು ಚೆನ್ನಾಗಿ ಕಲ್ತವ್ರೆ ನೋಡೋ" ಎಂದರು, ಅಳುವ ದನಿಯಲ್ಲಿ.

"ಅಕ್ಕನಿಗೆ ಮಾಡಿ ಭಾವ."

"ದಿನಾ ಪಾಠ ಕೇಳ್ದೋಳು ಅವ್ಳು. ಅವ್ಳೆಲ್ಲಿ ಎತ್ತಾಳು?"

ಆದರೂ ಒತ್ತಿ ಸ್ಪೀಕರ್ ಹಾಕಿದರು. ರಿಂಗ್ ಪೂರ್ತಿ ಆಗುವ ಮುಂಚೆಯೇ ಅಕ್ಕ ಎತ್ತಿದಳು.

"ರೀ, ನೀವೇನಾ? ಹೆಣ್ಣು ಮಗು. ತಾಯಿ ಮಗು ಇಬ್ರೂ ಚೆನ್ನಾಗಿದಾರೆ. ಏನಾದ್ರೂ ತಿಂದ್ರಾ?"

ಭಾವ ಕಣ್ಣೊರೆಸಿಕೊಂಡರು. ಆದರೆ ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ?

"ಅದ್ಸರಿ, ಫಾರಿನ್ ನಂಬರ್ ಯಾಕೆ ಎತ್ತಿದೆ? ಕಳ್ಳ ಆಗಿದ್ದಿದ್ರೆ?"

"ಬೆಳಗ್ಗೆಯಿಂದ ಗೊತ್ತಿಲ್ದಿರೋ ನಂಬರೆಲ್ಲ ಎತ್ತಿದೀನಿ ಕಣ್ರೀ. ಒಬ್ಬ ಲೋನ್ ಬೇಕಾ ಅಂದ, ಇನ್ನೊಬ್ಬ ಸೈಟ್ ಬೇಕಾ ಅಂದ. ಯಾವುದ್ರಲ್ಲಿ ನೀವಿರ್ತೀರೋ, ಎತ್ತದೆ ಹೆಂಗಿರ್ಲಿ? ದುಡ್ಡು ಹೋದ್ರೆ ಹೋಗ್ಲಿ ಅಂದ್ಕೊಂಡೆ."

ಭಾವ ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡರು. ಆ ಕಡೆಯಿಂದ ಅಕ್ಕ ಲೈನಿನಲ್ಲಿದ್ದೀರಾ ಎಂದು ಕೇಳಿರಬೇಕು.

"ಇದೀನಿ ಕಣೇ" ಎಂದರು. "ಇದೀನಿ."