ನಂಬರಿಲ್ಲದ ಸ್ಲೈಡು

ಹೊಟ್ಟೆಯೊಳಗಿನ ಹುಳದ ವಿಷಯವನ್ನು ಕತೆ ಮಾಡಿ ಹೇಳುವುದು ಅಷ್ಟೇನೂ ಮರ್ಯಾದೆಯ ಕೆಲಸವಲ್ಲ. ಅದರಲ್ಲೂ ಸಂಜೆ ತರಗತಿಯಲ್ಲಿ ಅಷ್ಟಿಷ್ಟು ವಿಜ್ಞಾನ ಕಲಿತವರು ಇಂಥದ್ದಕ್ಕೆ ಕೈಹಾಕಿದರೆ ತಿಳಿದವರು ನಗುತ್ತಾರೆ. ನಗಲಿ. ಊಟದ ಹೊತ್ತಿನಲ್ಲಿ ಇದನ್ನು ಓದುತ್ತಿರುವವರು ಮಾತ್ರ ದಯವಿಟ್ಟು ಕ್ಷಮಿಸಬೇಕು, ಇಲ್ಲವೇ ಕೈತೊಳೆದ ಮೇಲೆ ಓದಬೇಕು. ಆದರೆ ಅಂದು ಬೆಳಿಗ್ಗೆ ಕಂಡದ್ದು ಹೇಳದೆ ಇರಲು ಆಗದಷ್ಟು ದೊಡ್ಡದಾಗಿತ್ತು. ಅಳತೆಯಲ್ಲಿ ಅದು ಸಾಸಿವೆ ಕಾಳಿನ ಇಪ್ಪತ್ತನೇ ಒಂದು ಪಾಲೂ ಇರಲಿಲ್ಲ, ಆ ಮಾತು ಬೇರೆ.

ಅದು ಕಂಡದ್ದು ಹುಳದ ಮೇಷ್ಟ್ರಿಗೆ. ಬೀದಿಯವರು ಕರೆಯುವುದು ಹಾಗೆ, ಆದರೆ ಅವರು ಮೇಷ್ಟ್ರಲ್ಲ, ಪರೋಪಜೀವಿಗಳ ಸಂಶೋಧನಾಲಯದಲ್ಲಿ ಟೆಕ್ನಿಷಿಯನ್. ಅಂದರೆ ಜನ ಮತ್ತು ಪ್ರಾಣಿಗಳು ಪುಟ್ಟ ಡಬ್ಬಿಗಳಲ್ಲಿ ಕೊಟ್ಟದ್ದನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಹುಳದ ಮೊಟ್ಟೆ ಹುಡುಕುವವರು. ಹದಿನಾರು ವರ್ಷದಿಂದ ಅದೇ ಕೆಲಸ. ಅವರು ಸವರಿದ ಗಾಜಿನಿಂದ ನಲವತ್ತು ಲೇಖನಗಳು ಹೊರಬಂದಿದ್ದವು. ಒಂದರಲ್ಲೂ ಅವರ ಹೆಸರಿರಲಿಲ್ಲ.

ಈ ಸಲದ ಅಧ್ಯಯನ ಅವರದೇ ಬೀದಿಯದು. ಒಂದೇ ಬೀದಿಯ ಜನರೂ ಅವರ ಪ್ರಾಣಿಗಳೂ ಯಾವ ಯಾವ ಹುಳಗಳನ್ನು ಹಂಚಿಕೊಂಡಿವೆ ಎಂದು ನೋಡುವುದು. ಮನೆಮನೆಗೆ ಹೋಗಿ ಕೈಮುಗಿದು ಡಬ್ಬಿ ಹಂಚಿದವರೂ ಅವರೇ, ತಂದವರೂ ಅವರೇ. ಹದಿನಾಲ್ಕು ಜನ, ಮೂರು ನಾಯಿ, ಎರಡು ಬೆಕ್ಕು, ಒಂದು ಮೇಕೆ.

ಆ ಬೆಳಿಗ್ಗೆ ಒಂದು ಸ್ಲೈಡಿನ ಮೂಲೆಯಲ್ಲಿ ಅವರ ಕಣ್ಣು ನಿಂತುಬಿಟ್ಟಿತು. ಮೊಟ್ಟೆಯೇನೋ ಹೌದು. ಆದರೆ ಇಂಥ ಮೊಟ್ಟೆಯನ್ನು ಅವರು ಕಂಡಿರಲಿಲ್ಲ. ಎಂಟು ಮುಖದ ಸಣ್ಣ ಲಾಟೀನಿನ ಹಾಗೆ, ಪ್ರತಿ ಮುಖಕ್ಕೂ ಕೂದಲಿಗಿಂತ ತೆಳುವಾದ ಚೌಕಟ್ಟು. ಒಳಗೆ ಹೊಂಬಣ್ಣದ ಸುರುಳಿಯೊಂದು ಮಲಗಿತ್ತು. ನೋಡುತ್ತಿದ್ದಂತೆ ಅದು ಮಗ್ಗುಲು ಬದಲಿಸಿತು. ಮೇಷ್ಟ್ರು ಕಣ್ಣು ತೆಗೆಯದೆಯೇ ಕೂಗಿದರು.

"ಅಮ್ಮ, ಸ್ವಲ್ಪ ಬರ್ತೀರಾ?"

ಅಧ್ಯಯನ ನಡೆಸುತ್ತಿದ್ದ ಪ್ರೊಫೆಸರಮ್ಮ ಬಂದರು. ಅಂದು ಅವರ ಕೊನೆಯ ದಿನ. ಸಂಜೆ ಐದಕ್ಕೆ ನಿವೃತ್ತಿ. ನಾಳೆಯಿಂದ ಆ ಕೋಣೆ ಸೊಳ್ಳೆ ಸಂಶೋಧಕರದು. ಕಣ್ಣಿಟ್ಟವರು ಹತ್ತು ನಿಮಿಷ ಅಲುಗಾಡಲಿಲ್ಲ. ಆಮೇಲೆ ಕುರ್ಚಿ ಹುಡುಕಿ ಕೂತರು.

"ನಾನು ಓದೋ ಕಾಲದಲ್ಲಿ ಇದನ್ನ ಒಂದೇ ಒಂದು ಸಲ ನೋಡಿದ್ದೆ. ಮೂವತ್ತೊಂದು ವರ್ಷ ಆಯ್ತು. ನಮ್ಮ ಗುರುಗಳು, ಅದು ಹೂವಿನ ಪರಾಗ, ಕಣ್ಣು ತೋರಿಸ್ಕೋ ಅಂದ್ರು. ಇಡೀ ತರಗತಿ ನಕ್ಕಿತ್ತು." ಅವರು ಮತ್ತೊಮ್ಮೆ ಮಸೂರಕ್ಕೆ ಕಣ್ಣಿಟ್ಟರು. "ಯಾರದು ಇದು? ಇವತ್ತೇ ಗೊತ್ತಾಗ್ಬೇಕು. ಗೊತ್ತಾದ್ರೆ ಲೇಖನದಲ್ಲಿ ಎರಡು ಹೆಸರು ಬರುತ್ತೆ. ನಂದು, ನಿಮ್ಮದು."

ಮೇಷ್ಟ್ರ ಕಿವಿಯಲ್ಲಿ ಗಂಟೆ ಹೊಡೆದಂತಾಯಿತು. ಸ್ಲೈಡಿನ ಅಂಚು ನೋಡಿದರು. ಅಲ್ಲಿ ಪೆನ್ಸಿಲಿನಲ್ಲಿ ನಂಬರಿರಬೇಕು. ಇರಲಿಲ್ಲ. ಬಾಗಿಲಿಗೆ ಬೀಗ ಹಾಕಿದ ಮೇಲೂ ಮೂರು ಸಲ ಎಳೆದು ನೋಡುವ ಮನುಷ್ಯ ಒಂದು ನಂಬರು ಬರೆಯಲು ಮರೆತಂತಿತ್ತು.

"ರಿಜಿಸ್ಟರ್ ನೋಡಿ ಹೇಳ್ತೀನಿ ಅಮ್ಮ," ಎಂದು ತೊಳೆಯುವ ಕೋಣೆಗೆ ಓಡಿದರು. ರಿಜಿಸ್ಟರಿನಲ್ಲಿದ್ದದ್ದು ಹುಳ ಸಿಕ್ಕವರ ನಂಬರಷ್ಟೇ. ಆದರೆ ನೋಡಿ ಮುಗಿಸಿದ ಉಳಿದ ಸ್ಲೈಡುಗಳಲ್ಲಿ ಯಾವ ನಂಬರು ಇಲ್ಲವೋ ಅದೇ ಇದು, ಅಷ್ಟು ಸುಲಭ.

"ಅಕ್ಕ, ಬೆಳಗಿನ ಸ್ಲೈಡು?"

ತೊಳೆಯುವ ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ತೊಳೆದಾಯ್ತಲ್ಲ. ಕನ್ನಡಿ ಥರ ಹೊಳೀತಿವೆ ನೋಡಿ."

"ಡಬ್ಬಿಗಳು?"

"ಸುಟ್ಟಾಯ್ತು. ಯಾವತ್ತೂ ಕೆಲಸ ನಿಧಾನ ಅಂತೀರಿ, ಬೇಗ ಮಾಡಿದ್ರೆ ಮುಖ ಹೀಗ್ ಮಾಡ್ತೀರಿ."

ಮೇಷ್ಟ್ರು ವಾಪಸ್ಸು ಬಂದು, ಎಲ್ಲರಿಂದಲೂ ಇನ್ನೊಂದು ಸಲ ತಂದರೆ ಗಟ್ಟಿ ಸಾಕ್ಷಿಯಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ಅದೇನೂ ಸುಳ್ಳಲ್ಲ. ನಿಜದಲ್ಲಿ ಅರ್ಧ. ಪ್ರೊಫೆಸರಮ್ಮ ಮೆಚ್ಚಿ ತಲೆಯಾಡಿಸಿದಾಗ ಮೇಷ್ಟ್ರು ಆ ಉಳಿದ ಅರ್ಧ ಹೇಳದೆಯೇ ಬಾಗಿಲು ದಾಟಿದರು.

ಇಪ್ಪತ್ತು ಖಾಲಿ ಡಬ್ಬಿಗಳ ಚೀಲ ಹೊತ್ತು ಬೀದಿಗೆ ಬಂದಾಗ ಹನ್ನೊಂದು ಗಂಟೆ. ಮೊದಲ ಮನೆ ದರ್ಜಿಯದು.

"ಮೊನ್ನೆ ತಾನೆ ಕೊಟ್ಟೆನಲ್ಲ ಮೇಷ್ಟ್ರೇ. ಮತ್ತೆ ಯಾಕೆ? ಏನೋ ಸಿಕ್ಕಿದೆ ನಿಮಗೆ."

"ಹಾಗೇನಿಲ್ಲ."

"ಇಲ್ಲ ಅಂದ್ರೆ ಕಿವಿ ಯಾಕೆ ಕೆಂಪಾಗಿದೆ?"

ಮೇಷ್ಟ್ರು ಎರಡನೆಯ ಬಾಗಿಲು ತಟ್ಟುವ ಹೊತ್ತಿಗೆ ಸುದ್ದಿ ಎಂಟನೆಯ ಬಾಗಿಲು ದಾಟಿತ್ತು. ಬೀದಿಯಲ್ಲಿ ಯಾರಿಗೋ ಭಯಂಕರ ಹುಳ. ಹೆಸರು ಹೇಳಲು ಸರ್ಕಾರ ಬಿಡುತ್ತಿಲ್ಲ. ನಿವೃತ್ತ ಪೋಸ್ಟ್‌ಮಾಸ್ಟರು ಗೇಟಿನ ಒಳಗಿನಿಂದಲೇ ಮಾತಾಡಿಸಿದರು. "ನೋಡಿ, ನಾನು ಯಾರ ಹೆಸರೂ ಹೇಳೋನಲ್ಲ. ಆದ್ರೆ ಹಿಟ್ಟು ಕಲಸೋ ಕೈ ಯಾವುದು ಅಂತ ಇಡೀ ಬೀದಿಗೆ ಗೊತ್ತು."

ಅಷ್ಟು ಸಾಕಾಯಿತು. ಬೇಕರಿಯ ಮುಂದೆ ಸಾಲು ನಿಂತಿದ್ದವರು ಒಬ್ಬೊಬ್ಬರಾಗಿ ಏನೋ ನೆನಪಾದವರಂತೆ ಮನೆ ಕಡೆ ತಿರುಗಿದರು. ಬೇಕರಿ ಮಾಲೀಕ ಹಿಟ್ಟಿನ ಕೈಯಲ್ಲೇ ಓಡಿಬಂದು ಮೇಷ್ಟ್ರ ಅಂಗಿ ಹಿಡಿದ.

"ನನ್ನ ಒಲೆ ಬಿಸಿಗೆ ಹುಳ ಅಲ್ಲ, ಯಮನೂ ಬದುಕಲ್ಲ. ಮೂವತ್ತು ವರ್ಷದ ಅಂಗಡಿ. ಈಗಲೇ, ಇಲ್ಲೇ ಹೇಳಿ, ಅದು ಎಂಥ ಹುಳ?"

ಸುತ್ತ ಜನ ಸೇರಿದ್ದರು. ಸಭೆಯಲ್ಲಿ ವಂದನಾರ್ಪಣೆ ಹೇಳಲೂ ನಾಲಿಗೆ ತೊದಲುವ ಮೇಷ್ಟ್ರು ಬೇಕರಿಯ ಮೆಟ್ಟಿಲ ಮೇಲೆ ನಿಂತರು. ಬೇರೆ ದಾರಿ ಇರಲಿಲ್ಲ.

"ಎಂಥದ್ದು ಅಂತ ಗೊತ್ತಿಲ್ಲ," ಎಂದರು. "ಗೊತ್ತಿರೋದನ್ನ ಹೇಳ್ತೀನಿ. ಸಾಮಾನ್ಯ ದುಂಡು ಹುಳ ಇದೆಯಲ್ಲ, ಅದರ ಮೊಟ್ಟೆ ನಮ್ಮ ಕರುಳಲ್ಲಿ ಒಡೆಯುತ್ತೆ. ಮರಿ ಅಲ್ಲೇ ಇರಬಹುದಿತ್ತು. ಇರೋದಿಲ್ಲ. ಗೋಡೆ ಕೊರೆದು ರಕ್ತಕ್ಕಿಳಿಯುತ್ತೆ. ಲಿವರ್ ದಾಟಿ, ಹೃದಯ ಹಾದು, ಶ್ವಾಸಕೋಶಕ್ಕೆ ಹೋಗುತ್ತೆ. ಅಲ್ಲಿಂದ ಗಂಟಲಿಗೆ ಹತ್ತುತ್ತೆ. ನಾವು ಎಂಜಲು ನುಂಗಿದಾಗ ಮತ್ತೆ ಹೊರಟ ಕರುಳಿಗೇ ಬಂದು ಸೇರುತ್ತೆ. ಕಣ್ಣಿಲ್ಲ. ದಾರಿ ಕೇಳೋಣ ಅಂದ್ರೆ ಯಾರೂ ಇಲ್ಲ. ಕುರಿಯ ಹುಳ ಇನ್ನೊಂದಿದೆ. ಅದು ಇರುವೆ ತಲೆಯೊಳಗೆ ಸೇರ್ಕೊಂಡು, ಸಂಜೆ ತಂಪಾದ್ರೆ ಸಾಕು, ಆ ಇರುವೇನ ಹುಲ್ಲಿನ ತುದಿಗೆ ಹತ್ತಿಸಿ, ಹುಲ್ಲು ಕಚ್ಚಿಸಿ ನಿಲ್ಲಿಸುತ್ತೆ. ಕುರಿ ಬಂದು ತಿನ್ನಲಿ ಅಂತ."

"ನಮ್ಮ ಭಾವನ ತಲೇಲೂ ಅಂಥದ್ದೊಂದು ಇರ್ಬೇಕು," ಎಂದ ದರ್ಜಿ. ಯಾರೂ ನಗಲಿಲ್ಲ.

"ಹದಿನಾರು ವರ್ಷ ದಿನಾ ನೋಡಿದ್ರೂ ನನಗೆ ಮೈ ಜುಮ್ಮನ್ನುತ್ತೆ. ಇವತ್ತು ಸಿಕ್ಕಿರೋದು ಇವೆಲ್ಲಕ್ಕಿಂತ ಚೆಂದ. ಒಳಗೆ ದೀಪ ಹಚ್ಚಿಟ್ಟ ಹಾಗಿದೆ. ನಮಗೆ ತಿಳಿದ ಮಟ್ಟಿಗೆ ಯಾವ ಪುಸ್ತಕದಲ್ಲೂ ಇಲ್ಲ. ಅದು ಈ ಬೀದೀಲಿ ಯಾರೊಳಗೋ ಮನೆ ಮಾಡಿದೆ."

ಬೇಕರಿಯ ನಾಯಿ ಕೂಡ ಬಾಲ ನಿಲ್ಲಿಸಿತ್ತು. ಎಲ್ಲರ ಕೈಯೂ ತಮಗೆ ತಿಳಿಯದಂತೆ ತಮ್ಮ ತಮ್ಮ ಹೊಟ್ಟೆಯ ಮೇಲಿತ್ತು, ಮಲಗಿದ ಕೂಸಿನ ಮೇಲೆ ಇಟ್ಟ ಹಾಗೆ.

ಮೊದಲು ಕೆಮ್ಮಿದವರು ಪೋಸ್ಟ್‌ಮಾಸ್ಟರು. "ಹಾಗಾದ್ರೆ ಅದು ನಂದೇ. ಮೂರು ತಿಂಗಳಿಂದ ಒಳಗೆ ಏನೋ ಓಡಾಡಿದ ಹಾಗಾಗ್ತಿದೆ."

"ಅದು ಗ್ಯಾಸು ಸ್ವಾಮಿ," ಎಂದ ದರ್ಜಿ. "ನನ್ನದು ನೋಡಿ, ತಿಂದದ್ದು ಮೈಗೆ ಹತ್ತೋದೇ ಇಲ್ಲ. ಯಾರೋ ಒಳಗೆ ಕೂತು ತಿಂತಿದ್ದಾರೆ."

"ಹಿಟ್ಟು ಕಲಸೋ ಕೈ ಅಂದ್ರಲ್ಲ ಆಗ," ಎಂದು ಬೇಕರಿ ಮಾಲೀಕ ಎದೆ ಸೆಟೆದು ನಿಂತ. "ಇರ್ಲಿ. ನನ್ನದೇ ಅಂತ ಬರ್ಕೊಳ್ಳಿ."

ಈಗ ಡಬ್ಬಿಗಾಗಿ ನೂಕುನುಗ್ಗಲು. ಕಷ್ಟವೆಂದರೆ, ಆ ದಿನದ ಕಾರ್ಯ ಎಲ್ಲರೂ ಬೆಳಿಗ್ಗೆಯೇ ಮುಗಿಸಿದ್ದರು. ಯಾರೋ ಬಿಸಿನೀರು ಕುಡಿಯಿರಿ ಎಂದರು, ಇನ್ನಾರೋ ನಡೆದರೆ ಬೇಗ ಆಗುತ್ತದೆ ಎಂದರು. ನಡುಮಧ್ಯಾಹ್ನ ಇಡೀ ಬೀದಿ ಕೈಯಲ್ಲೊಂದು ಡಬ್ಬಿ ಹಿಡಿದು ಗಂಭೀರವಾಗಿ ಈ ತುದಿಯಿಂದ ಆ ತುದಿಗೆ ನಡೆಯತೊಡಗಿತು. ಎದುರಾದವರು ಹುಬ್ಬಿನಲ್ಲೇ ಪ್ರಶ್ನೆ ಕೇಳಿ, ತಲೆಯಲ್ಲೇ ಉತ್ತರ ಕೊಡುತ್ತಿದ್ದರು. ಮೇಕೆಯೊಂದೇ ಯಾವ ಆತಂಕವೂ ಇಲ್ಲದೆ ಹತ್ತು ನಿಮಿಷಕ್ಕೊಮ್ಮೆ ಸಹಕರಿಸಿತು.

ಮೇಷ್ಟ್ರ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ರೀ, ಮನೆಗೆ ಬಂದು ಒಂದು ತುತ್ತು ತಿಂದು ಹೋಗಿ. ಊರವರ ಹೊಟ್ಟೆ ಚಿಂತೇಲಿ ನಿಮ್ಮ ಹೊಟ್ಟೆ ಮರೆತ್ರಿ." ಮೇಷ್ಟ್ರು ತಿನ್ನಲಿಲ್ಲ. ಲೇಖನದ ಮೇಲುತುದಿಯಲ್ಲಿ ತಮ್ಮ ಹೆಸರು ಅಚ್ಚಾಗಿ ನಿಂತದ್ದೇ ಕಣ್ಣಮುಂದಿತ್ತು.

ಇಪ್ಪತ್ತನೆಯ ಡಬ್ಬಿ ಕೈಗೆ ಬಂದಾಗ ಮೂರೂವರೆ. ನಾಲ್ಕಕ್ಕೆ ಇಬ್ಬರೂ ಸೂಕ್ಷ್ಮದರ್ಶಕದ ಮುಂದೆ ಕೂತರು. ಪೋಸ್ಟ್‌ಮಾಸ್ಟರಲ್ಲಿ ಏನೂ ಇಲ್ಲ. ದರ್ಜಿಯಲ್ಲಿ ಒಂದು ಬಡಪಾಯಿ ಕೊಕ್ಕೆಹುಳ. ಬೇಕರಿಯವನು ಅವನ ಒಲೆಯಷ್ಟೇ ಸ್ವಚ್ಛ. ನಾಯಿ, ಬೆಕ್ಕು, ಮೇಕೆಗಳಲ್ಲಿ ಎಂದಿನ ನೆಂಟರು. ಇಪ್ಪತ್ತೂ ಮುಗಿದವು. ಲಾಟೀನು ಎಲ್ಲಿಯೂ ಉರಿಯಲಿಲ್ಲ.

ಮೇಷ್ಟ್ರು ಎದ್ದು ನಿಂತರು. "ಅಮ್ಮ, ನಾನು ನಿಮಗೆ ಅರ್ಧ ಮಾತ್ರ ಹೇಳಿದ್ದೆ. ಬೆಳಗಿನ ಸ್ಲೈಡಿಗೆ ನಂಬರ್ ಇರ್ಲಿಲ್ಲ. ಬರೆಯೋದು ಮರೆತೆ. ಇಪ್ಪತ್ತರಲ್ಲಿ ಅದು ಯಾವುದು ಅಂತ ನನಗೆ ಗೊತ್ತೇ ಇಲ್ಲ."

"ಇಪ್ಪತ್ತು ಗಾಜು ನಾನು ತೊಳೆದಿಟ್ಟೆನಲ್ಲ," ಎಂದಳು ಬಾಗಿಲಲ್ಲಿ ನಿಂತಿದ್ದ ತೊಳೆಯುವ ಅಕ್ಕ. "ಎಣಿಸಿಯೇ ತೊಳೆದೆ. ಇಪ್ಪತ್ತಕ್ಕೂ ನಂಬರಿತ್ತು."

"ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

"ಕೇಳಿದ್ರೆ ತಾನೆ."

ಪ್ರೊಫೆಸರಮ್ಮ ಮೆಲ್ಲನೆ ಕುರ್ಚಿ ತಿರುಗಿಸಿದರು. ಆ ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿತ್ತು. ನೀರು, ಬಣ್ಣ, ಗಾಜು ಸರಿಯಿವೆಯೇ ಎಂದು ಪರೀಕ್ಷಿಸಲು ಪ್ರತಿ ಕಂತಿನ ಜೊತೆಗೂ ಹುಳವಿಲ್ಲವೆಂದು ಖಾತ್ರಿಯಿರುವ ಒಬ್ಬರ ಡಬ್ಬಿಯಿಂದ ಒಂದು ಸ್ಲೈಡು ಮಾಡುತ್ತಿದ್ದರು. ಅದಕ್ಕೆ ನಂಬರು ಹಾಕುತ್ತಿರಲಿಲ್ಲ, ಬೇರೆಯ ತಟ್ಟೆಯಲ್ಲಿಡುತ್ತಿದ್ದರು. ಆ ದಿನ ನಿವೃತ್ತಿಗೆಂದು ಮೇಜು ಖಾಲಿ ಮಾಡುವಾಗ ಎರಡು ತಟ್ಟೆ ಒಂದಾಗಿದ್ದವು. ಆರು ತಿಂಗಳಿಗೊಮ್ಮೆ ತಪ್ಪದೆ ಹುಳದ ಮಾತ್ರೆ ನುಂಗುವ, ಊಟಕ್ಕೆ ಮುಂಚೆ ಎರಡೆರಡು ಸಲ ಕೈತೊಳೆಯುವ, ಸಂಸ್ಥೆಯಲ್ಲೇ ಅತ್ಯಂತ ಶುದ್ಧವೆಂದು ಹೆಸರಾದ ಒಂದು ಹೊಟ್ಟೆ ಹದಿನಾರು ವರ್ಷದಿಂದ ಆ ಡಬ್ಬಿಯನ್ನು ಕೊಡುತ್ತ ಬಂದಿತ್ತು. ಚಪ್ಪಲಿ ಮೆಟ್ಟಿದಷ್ಟೇ ಸಹಜವಾಗಿ. ಎಣಿಕೆಗೂ ಬಾರದಂತೆ.

"ನೀವು," ಎಂದರು ಪ್ರೊಫೆಸರಮ್ಮ.

ಮೇಷ್ಟ್ರು ಕೂತರು. ಮೂವತ್ತೊಂದು ವರ್ಷ ಕಾದ ಕಣ್ಣುಗಳು ಅವರನ್ನು ನೋಡಿದ ಹಾಗೆ ತಾಳಿ ಕಟ್ಟಿದ ದಿನ ಹೆಂಡತಿಯೂ ನೋಡಿರಲಿಲ್ಲ.

ಹೊಸ ಡಬ್ಬಿ ಹಿಡಿದು ಅವರು ವರಾಂಡದಲ್ಲಿ ಹಿಂದೆ ಮುಂದೆ ನಡೆದರು. ಐದಕ್ಕೆ ಹತ್ತು ನಿಮಿಷವಿರುವಾಗ ಗಾಜಿನ ಮೇಲೆ ಎರಡು ಲಾಟೀನುಗಳು ಉರಿದವು. ಒಂದರೊಳಗಿನ ಸುರುಳಿ ಬಿಚ್ಚಿ, ಮತ್ತೆ ಸುತ್ತಿಕೊಂಡಿತು. ತಮ್ಮದೇ ಒಳಗಿನ ಆ ಬೆಳಕನ್ನು ನೋಡುತ್ತ ಮೇಷ್ಟ್ರಿಗೆ ಹೆದರಿಕೆಯಾಗಬೇಕಿತ್ತು. ಕಣ್ಣು ತುಂಬಿ ಬಂತು.

"ಅಮ್ಮ, ಲೇಖನದಲ್ಲಿ ನನ್ನ ಹೆಸರು?"

ಪ್ರೊಫೆಸರಮ್ಮ ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. "ಮಾದರಿ ಕೊಟ್ಟವರ ಹೆಸರು ಎಲ್ಲೂ ಬರೋ ಹಾಗಿಲ್ಲ. ಅವರು ಅಧ್ಯಯನ ಮಾಡೋರ ಸಾಲಿನಲ್ಲೂ ಇರೋ ಹಾಗಿಲ್ಲ. ನಿಯಮ. ಈಗ ನೀವು ಟೆಕ್ನಿಷಿಯನ್ ಅಲ್ಲ. ಮಾದರಿ."

ಎಂಟು ತಿಂಗಳಿಗೆ ಲೇಖನ ಬಂತು. ಮೇಲೆ ಒಂದೇ ಹೆಸರು. ಮೂರನೆಯ ಪುಟದಲ್ಲಿ ಒಂದು ಸಾಲು: "ಗಂಡು, ನಲವತ್ತಾರು ವರ್ಷ, ನೋಡಲು ಆರೋಗ್ಯವಂತ." ಕೊನೆಯಲ್ಲಿ ಬೀದಿಯ ಜನರೆಲ್ಲರಿಗೂ ವಂದನೆ.

"ನೋಡಲು ಅಂತ ಯಾಕೆ ಸೇರಿಸಿದ್ದಾರೆ?" ಎಂದಳು ಹೆಂಡತಿ.

ಮಾದರಿ ಯಾರದೆಂಬ ಗುಟ್ಟನ್ನು ಮೇಷ್ಟ್ರು ಬಿಡುವಂತಿರಲಿಲ್ಲವಾದ್ದರಿಂದ ಅರವತ್ತೆಂಟರ ಪೋಸ್ಟ್‌ಮಾಸ್ಟರು ಆ ನಲವತ್ತಾರು ಅಚ್ಚಿನ ತಪ್ಪೆಂದು ಎಲ್ಲರಿಗೂ ವಿವರಿಸಿ, ಗರ್ಭಿಣಿಯಂತೆ ಎಚ್ಚರದಿಂದ ಹೆಜ್ಜೆಯಿಡತೊಡಗಿದರು. ಬೇಕರಿಯವನು ಲೇಖನಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಬಿಟ್ಟ. ಮೇಷ್ಟ್ರು ದಿನಾ ಅದರ ಕೆಳಗೆ ನಿಂತು ಬ್ರೆಡ್ಡು ಕೊಂಡರು.

ಮಾತ್ರೆಗಳನ್ನು ಮೂರು ಸುತ್ತು ನುಂಗಿದ ಮೇಲೆ ಮೊಟ್ಟೆ ಕಾಣಿಸುವುದು ನಿಂತಿತು. ಆದರೆ ಮೊಟ್ಟೆಯಿಟ್ಟ ಹುಳವನ್ನು ಯಾರೂ ಕಾಣಲಿಲ್ಲ. ಅದು ಮೇಷ್ಟ್ರೊಳಗೆ ಹೇಗೆ ಬಂತು, ಯಾವ ಪ್ರಾಣಿಯಿಂದ ಬಂತು, ಹದಿನಾರು ವರ್ಷದಲ್ಲಿ ಯಾವಾಗ ಬಂತು, ಸತ್ತಿತೋ ಸುಮ್ಮನೆ ಮಲಗಿದೆಯೋ, ಇದಾವುದೂ ಇಂದಿಗೂ ಗೊತ್ತಿಲ್ಲ.