ದ್ಯಾಮಣ್ಣನ ವ್ಯಾನು ಸೋರಿದ್ದು

ವ್ಯಾನಿನ ಬಲಬಾಗಿಲ ಬಳಿ, ಡ್ರೈವರ್ ಪಕ್ಕದ ಸೀಟಿನ ಮ್ಯಾಟು ಆ ಬೆಳಿಗ್ಗೆಯೂ ತೊಯ್ದಿತ್ತು. ಬೇರೆ ದಿನವಾಗಿದ್ದರೆ ದ್ಯಾಮಣ್ಣ ಹಳೇ ಬನಿಯನ್ನಿನಿಂದ ಒರೆಸಿ ಡ್ಯೂಟಿಗೆ ರಾಸ್ ಲಫಾನ್ ದಾರಿ ಹಿಡಿಯುತ್ತಿದ್ದ. ಆದರೆ ಅಂದು ಶುಕ್ರವಾರ, ರಜೆ. ಮೇಲಾಗಿ ವಿಸಿಟ್ ವೀಸಾ ಮುಗಿದು ಹೆಂಡತಿ ಗುರವ್ವ ಸಂಜೆಯ ವಿಮಾನಕ್ಕೆ ಊರಿಗೆ ಹೊರಡುವ ದಿನ. ಬಂದಾಗಿನಿಂದ ಆಕೆ ಕೇಳಿದ್ದು ಒಂದೇ: ಇಬ್ಬರೂ ಕೂತು ಸಮುದ್ರ ನೋಡಬೇಕು. ಡ್ಯೂಟಿ, ಓವರ್‌ಟೈಮು ಅಂತ ಅದೂ ಆಗಿರಲಿಲ್ಲ. ಇವತ್ತು ಖಂಡಿತ ಎಂದು ಅವನು ಮಾತು ಕೊಟ್ಟಿದ್ದ.

"ಕಡೀ ದಿನಾನೂ ನಿನ್ನ ಹಸೀ ಜಾಗಾದಾಗ ಕುಂಡ್ರಸಲೇನು? ಬಾಗಲಾ ಸೋರತೈತಿ. ಹತ್ತ ನಿಮಿಷದ ಕೆಲಸ," ಎಂದ.

"ನಾ ಒಂದ ಮಾತ ಹೇಳ್ಲೇನ್ರೀ?"

"ಗಾಡಿ ವಿಷಯ ನಿನಗ ತಿಳಿಯೂದಿಲ್ಲ. ಮ್ಯಾಲೆ ಹೋಗಿ ತಯಾರಾಗು."

ಗುರವ್ವ ಮೆಟ್ಟಿಲು ಹತ್ತಿದಳು. ಅದೇ ಹೊತ್ತಿಗೆ ಮೊಯ್ದಿನ್ ಸಾಹೇಬರು ಇಳಿದು ಬಂದರು. ಪಕ್ಕದ ಕೆಫೆಟೇರಿಯಾದ ಯಜಮಾನರು, ಪುತ್ತೂರಿನ ಕಡೆಯವರು. ಬಿನ್ ಮಹಮೂದ್ ಬಡಾವಣೆಯಲ್ಲಿ ಯಾರು ಬಾನೆಟ್ ಎತ್ತಿದರೂ ಮೊದಲು ಒಳಗೆ ಇಣುಕುವ ತಲೆ ಅವರದೇ.

"ಎಂಥ ದ್ಯಾಮಣ್ಣ, ಸೋರ್ತದಾ? ಒಬ್ಬ ಒಳಗೆ ಕೂರಬೇಕು, ಒಬ್ಬ ಹೊರಗಿಂದ ಪೈಪ್ ಬಿಡಬೇಕು. ಆಗ ಗೊತ್ತಾಗ್ತದೆ ಮಾರಾಯ್ರೆ."

ಪೈಪಿನ ಸದ್ದಿಗೆ ವಾಚ್‌ಮನ್ ನಿಝಾಮ್ ಓಡಿ ಬಂದ. "ಪಾರ್ಕಿಂಗಲ್ಲಿ ನೀರು ಹಾಕ್ಬೇಡಿ ಅಂತ ಎಷ್ಟು ಸಲ ಹೇಳೋದು? ನಿಮ್ಮ ಮನೆಯವರಿಗೂ ಹೇಳಿದ್ದೆ!"

"ಯಲ್ಲಾ, ಬಾ ಬಾ, ನೀನು ಟಾರ್ಚ್ ಹಿಡ್ಕೊಂಡು ಒಳಗೆ ಕೂರು," ಎಂದರು ಸಾಹೇಬರು. ಇಂಥ ಜವಾಬ್ದಾರಿಯನ್ನು ನಿಝಾಮನಿಗೆ ಯಾರೂ ಈವರೆಗೆ ವಹಿಸಿರಲಿಲ್ಲ. ಅವನು ನೆಲವನ್ನು ಮರೆತು ವ್ಯಾನು ಹತ್ತಿದ.

ನೀರು ಬಿಟ್ಟರು. "ಒಳಗೆ ಮಾಫಿ ನೀರು, ಹನಿಯೂ ಇಲ್ಲ!" ಎಂದು ನಿಝಾಮ್ ಕೂಗಿದ. ಆದರೆ ಹೊರಗೆ, ಬಾಗಿಲ ಅಡಿಯಂಚಿನ ಸಣ್ಣ ತೂತುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇಕ್ಕೊಳ್ಳಿ, ಕಳ್ಳ ಸಿಕ್ಕಿದ!" ಎಂದು ಸಾಹೇಬರು ತೊಡೆ ತಟ್ಟಿದರು.

ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿದ ನೀರು ಹೊರಗೆ ಹರಿದುಹೋಗಲಿ ಎಂದು ಬೇಕೆಂದೇ ಬಿಟ್ಟ ತೂತುಗಳವು. ಅದನ್ನು ಹೇಳಲು ವ್ಯಾನು ತಯಾರಿಸಿದವನು ಅಲ್ಲಿರಲಿಲ್ಲ. ಇದ್ದಿದ್ದರೂ ಈ ಮೂವರು ಅವನನ್ನು ಮಾತಾಡಗೊಡುತ್ತಿದ್ದರೆಂದು ಹೇಳಲಾಗದು.

ಸಿಲಿಕಾನ್ ಅಂಟಿನ ಟ್ಯೂಬು ಬಂತು. ತೂತುಗಳೆಲ್ಲ ಮುಚ್ಚಿದವು. ಒಳಗೂ ಒಮ್ಮೆ ನೋಡಿಬಿಡೋಣ ಎಂದು ಬಾಗಿಲ ಒಳಹೊದಿಕೆ ಕಿತ್ತರು, ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿಯಿತು, ಕ್ಲಿಪ್ಪುಗಳು ಮುರಿದವು. ಬಾಗಿಲು ವೇಷ ಕಳಚಿದ ಬಯಲಾಟದವನ ಹಾಗೆ ನಿಂತಿತು.

ಗುರವ್ವ ಇಳಕಲ್ ಸೀರೆಯುಟ್ಟು ಇಳಿದು ಬಂದಳು. "ಹೋಗೂಣೇನ್ರೀ?"

"ಸಿಲಿಕಾನ್ ಒಣಗಲಿ, ಇಷ್ಟ ಆತು."

ಮತ್ತೆ ಬಂದಾಗ ಮೂವರಿಗೂ ಒಗ್ಗರಣೆ ಅವಲಕ್ಕಿ ತಂದಿದ್ದಳು. ತಿಂದು ಕೈ ತೊಳೆದು ಇನ್ನೊಮ್ಮೆ ಪೈಪು ಬಿಟ್ಟರು. ಈಗ ಒಳಗೂ ಹನಿಯಿಲ್ಲ, ಹೊರಗೂ ಹನಿಯಿಲ್ಲ. ಮೂವರೂ ಕೈ ಕುಲುಕಿದರು. ಅಷ್ಟು ನೀರು ಎಲ್ಲಿಗೆ ಹೋಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ. ಹೊದಿಕೆಯನ್ನು ಟೇಪು ಹಚ್ಚಿ ಕೂರಿಸುವಷ್ಟರಲ್ಲಿ ಗುರವ್ವ ಬ್ಯಾಗುಗಳನ್ನೇ ಹೊತ್ತು ಬಂದಳು. ಬಿಸಿಲು ಇಳಿದಿತ್ತು.

ದ್ಯಾಮಣ್ಣ ಕಡಲಂಚಿನ ಕಾರ್ನಿಶ್ ರಸ್ತೆಯ ಮೇಲೇ ವ್ಯಾನು ಬಿಟ್ಟ. ಸಮುದ್ರ ಕಂಡದ್ದು ಸಿಗ್ನಲ್ಲು ಹಸಿರಾಗುವವರೆಗೆ ಮಾತ್ರ. ಮುಂದೆ ಪ್ರತಿ ತಿರುವಿನಲ್ಲೂ ಬಾಗಿಲೊಳಗೆ ಗುಳುಗುಳು.

"ಸಮುದ್ರದ ಸಪ್ಪಳಾ ಭಾಳ ಹತ್ರ ಕೇಳತೈತ್ರೀ," ಎಂದಳು ಗುರವ್ವ.

ವಿಮಾನ ನಿಲ್ದಾಣದಲ್ಲಿ ಆಕೆ ಬಾಗಿಲು ತಳ್ಳಿದ್ದೇ ತಡ, ಟೇಪು ಕಿತ್ತುಬಂತು. ದಿನವಿಡೀ ಕುಡಿದ ನೀರನ್ನೆಲ್ಲ ಬಾಗಿಲು ಅವಳ ಸೀರೆ, ಚಪ್ಪಲಿ, ಮ್ಯಾಟಿನ ಮೇಲೆ ಭಡಭಡ ಸುರಿಯಿತು. ಒಂದು ಗಳಿಗೆ ದಂಗಾದ ಗುರವ್ವ ಹೊಟ್ಟೆ ಹಿಡಿದು ನಗತೊಡಗಿದಳು.

"ಇಷ್ಟ ನೀರು ನಾನೂ ಹಾಕಿರಲಿಲ್ಲ ಬಿಡ್ರೀ!"

"ನೀ ಹಾಕತಿದ್ದಿ?"

"ದಿನಾ ಮುಂಜಾನೆ ಬುತ್ತಿ ಇಡಾಕ ಬರತಿದ್ನೆಲ್ಲಾ. ಅಷ್ಟ ದೂರ ದೊಡ್ಡ ದೊಡ್ಡ ಗಾಡಿ ನಡುವ ಹೋಗತೀರಿ. ನಿಮ್ಮ ಸೀಟಿಗೆ ತಂಬಿಗಿ ನೀರು ಸುಳಿದು ದೃಷ್ಟಿ ತಗದು ಹೊರಗ ಚೆಲ್ಲತಿದ್ದೆ. ನೆಲಾ ಹಸಿ ಮಾಡಬ್ಯಾಡ್ರೀ ಅಂದ ಆ ನಿಝಾಮ. ಆಮ್ಯಾಲೆ ಬಾಗಲ ಒಳಗ ಮ್ಯಾಟಿನ ಮ್ಯಾಲೆ ಒಂದೀಟು ಹಾಕತಿದ್ದೆ. ನಿಮಗ ಇಂಥಾವು ಸೇರೂದಿಲ್ಲಂತ ಹೇಳಿರಲಿಲ್ಲ. ಇವತ್ತ ಕಡೀ ದಿನಾ ಅಂತ ಬುತ್ತಿ ಇಲ್ಲದಿದ್ರೂ ಹಾಕಿದೆ. ಹೇಳಬೇಕಂದ್ರ ಮ್ಯಾಲೆ ಕಳಿಸಿದ್ರಿ."

ಹೆಂಡತಿಯ ಪಕ್ಕ ಕೂತು ಸಮುದ್ರ ನೋಡಬೇಕಾದ ದಿನವನ್ನು ದ್ಯಾಮಣ್ಣ ಕೈಯಾರೆ ಬಾಗಿಲೊಳಗೆ ತುಂಬಿ ಮುಗಿಸಿದ್ದ. "ಮುಂದಿನ ಸಲ ಬಂದಾಗ..." ಎನ್ನುವಷ್ಟರಲ್ಲಿ ಗಾಡಿ ತೆಗೆಯಿರೆಂದು ಪೊಲೀಸಿನವನು ಕೈ ಬೀಸಿದ. ಗುರವ್ವ ಒದ್ದೆ ನೆರಿಗೆ ಹಿಂಡಿಕೊಳ್ಳುತ್ತ ಒಳಗೆ ನಡೆದಳು. ತಿರುಗಿ ನೋಡಿದಾಗಲೂ ನಗುತ್ತಲೇ ಇದ್ದಳು.

ಮರಳಿದವನೇ ಅವನು ಪಾರ್ಕಿಂಗಿನಲ್ಲಿ ಕುಕ್ಕರಗಾಲಲ್ಲಿ ಕೂತು ಸ್ಕ್ರೂಡ್ರೈವರಿನಿಂದ ಸಿಲಿಕಾನ್ ಕೀಳತೊಡಗಿದ. ಉಳಿದ ನೀರು ನೆಲಕ್ಕೆ ಹರಿಯಿತು. "ಅಯ್ಯೋ, ನೆಲ!" ಎಂದು ನಿಝಾಮ್ ಅಲ್ಲಿಂದಲೇ ಅರಚಿದ.

ಮೊಯ್ದಿನ್ ಸಾಹೇಬರು ಕೆಫೆಟೇರಿಯಾದಿಂದ ಓಡಿಬಂದರು. "ಎಂಥ ಮಾಡ್ತೀರಿ ಮಾರಾಯ್ರೆ! ನಾಳೆ ಬೆಳಿಗ್ಗೆ ಪುನಃ ಮ್ಯಾಟ್ ಚಂಡಿ ಆದ್ರೆ?"

"ಆಗೂದಿಲ್ಲ ಬಿಡ್ರೀ ಸಾಹೇಬ್ರ," ಎಂದ ದ್ಯಾಮಣ್ಣ, ತಲೆಯೆತ್ತದೆ. "ನೀರು ಹಾಕಾಕಿ ಊರಿಗೆ ಹೋದ್ಲು."